ಚೋಟುದ್ದದ ಬೇಸಾಯಗಾರನ ಮೇಲಿನ ಆಪಾದನೆ

ಇತಿಹಾಸದ ಮಾಸ್ತರನಿಗೆ ಮೀನಿನ ಉಸಾಬರಿ ಏಕೆಂದು ನನ್ನ ಹಳೆಯ ವಿದ್ಯಾರ್ಥಿಗಳು ಕೇಳಿದರೆ ಅದು ತಕ್ಕ ಪ್ರಶ್ನೆಯೇ. ಮೂವತ್ತನಾಲ್ಕು ವರ್ಷಗಳ ಕಾಲ ನಾನು ಬೋಧಿಸಿದ್ದು ರಾಜವಂಶಗಳನ್ನು, ಯುದ್ಧಗಳನ್ನು, ಒಪ್ಪಂದಗಳನ್ನು. ನಮ್ಮದು ಮೀನು ತಿನ್ನುವ ಮನೆಯೂ ಅಲ್ಲ. ಕಡಲಿನಿಂದ ಎರಡು ಹರಿದಾರಿ ದೂರದಲ್ಲಿ ಹುಟ್ಟಿ ಬೆಳೆದರೂ ಬಂಗಡೆಗೂ ತಾರ್ಲೆಗೂ ಇರುವ ಭೇದ ನನಗೆ ತಿಳಿದದ್ದು ನೌಕರಿಗೆ ಸೇರಿದ ಮೇಲೆ, ಅದೂ ಮಕ್ಕಳಿಂದ.

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಮೀನುಗಾರರ ಮನೆಯ ಹುಡುಗ. ಈಗ ಹುಡುಗನೆನ್ನುವಂತಿಲ್ಲ, ಅವನ ತಲೆಯೂ ನರೆತಿದೆ. ಕಡಲಜೀವಿಗಳ ಶಾಸ್ತ್ರವನ್ನು ಓದಿ, ಕೆಲವು ವರ್ಷ ಕೆರಿಬಿಯನ್ ಸಮುದ್ರದ ಕಡೆ ಕೆಲಸ ಮಾಡಿ ಬಂದವನು. ಜಗಲಿಯಲ್ಲಿ ಕುಳಿತು ಕಷಾಯ ಕುಡಿಯುತ್ತ ತನ್ನ ಲ್ಯಾಪ್‌ಟಾಪಿನಲ್ಲಿ ಜಮೈಕಾದ ನೀರೊಳಗೆ ತೆಗೆದ ಒಂದು ವಿಡಿಯೊ ತೋರಿಸಿದ. ಬೂದುಗಂದು ಬಣ್ಣದ, ನೋಡಲು ಏನೇನೂ ಚೆಲುವಿಲ್ಲದ ಒಂದು ಮೀನು, ತನಗಿಂತ ಎಷ್ಟೋ ಪಾಲು ದೊಡ್ಡದಾದ ಮನುಷ್ಯನ ಕೈಯ ಮೇಲೆ ಎರಗಿ ಕಚ್ಚುತ್ತಿತ್ತು. ಕೈ ಹಿಂದೆ ಸರಿದರೂ ಬಿಡದೆ ಬೆನ್ನಟ್ಟಿ ಬಂದು ಮತ್ತೊಮ್ಮೆ ಕಚ್ಚಿತು. ನಾನು ನಕ್ಕುಬಿಟ್ಟೆ. "ನಗಬೇಡಿ ಸರ್, ಇವನ ಮೇಲೆ ಕೊಲೆಯ ಆಪಾದನೆ ಇದೆ" ಎಂದ.

ಆಪಾದನೆ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಇತಿಹಾಸದ ಮಾಸ್ತರ ಸುಮ್ಮನಿರುವುದುಂಟೆ? ಅಂದಿನಿಂದ ಇಂದಿನವರೆಗೆ ಅವನಿಂದ ಕೇಳಿ, ಅವನು ಕಳಿಸಿದ ಲೇಖನಗಳನ್ನು ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಿ, ಅರ್ಥವಾಗದ್ದನ್ನು ಮತ್ತೆ ಫೋನಿನಲ್ಲಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಡ್ಯಾಮ್ಸೆಲ್ ಮೀನುಗಳೆಂಬ ಒಂದು ದೊಡ್ಡ ಕುಟುಂಬವಿದೆ. ಉಷ್ಣವಲಯದ ಕಡಲುಗಳ ಆಳವಿಲ್ಲದ ಹವಳದ ದಿಬ್ಬಗಳಲ್ಲಿ 400ಕ್ಕೂ ಹೆಚ್ಚು ಜಾತಿಯ ಈ ಮೀನುಗಳು ವಾಸಿಸುತ್ತವೆ. ನಮ್ಮ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತಲೂ ಈ ಕುಟುಂಬದ ಕೆಲವು ಜಾತಿಗಳಿವೆ. ಆಪಾದನೆಗೆ ಗುರಿಯಾದ ಜಾತಿ ಮಾತ್ರ ಇಲ್ಲಿಯದಲ್ಲ. ಫ್ಲಾರಿಡಾ, ಬಹಾಮಾ, ಕೆರಿಬಿಯನ್ ದ್ವೀಪಗಳು ಅದರ ಸೀಮೆ. ಮೂರು ಚುಕ್ಕೆಯ ಡ್ಯಾಮ್ಸೆಲ್ ಎಂದು ಅದರ ಹೆಸರು. ಉದ್ದ ಹೆಚ್ಚೆಂದರೆ 13 ಸೆಂಟಿಮೀಟರು, ಅಂದರೆ ನಮ್ಮ ಹಿರಿಯರ ಲೆಕ್ಕದಲ್ಲಿ ಒಂದು ಚೋಟು. ಮರಿಯಾಗಿದ್ದಾಗ ಸೇವಂತಿಗೆಯಂತಹ ಹಳದಿ ಮೈ, ಅದರ ಮೇಲೆ ಕಪ್ಪು ಚುಕ್ಕೆಗಳು. ಪ್ರಾಯಕ್ಕೆ ಬಂದಂತೆ ಆ ಚೆಲುವೆಲ್ಲ ಮಾಸಿ, ಕಣ್ಣಿನ ಮೇಲೊಂದು ಹಳದಿ ಗೆರೆ ಮಾತ್ರ ಉಳಿಯುತ್ತದೆ. ಸಂಸಾರಸ್ಥರಿಗೆ ಇದು ಅರ್ಥವಾದೀತು.

ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದವನು ಫ್ರಾನ್ಸಿನ ಪ್ರಸಿದ್ಧ ಪ್ರಾಣಿಶಾಸ್ತ್ರಜ್ಞ ಕ್ಯುವಿಯೆ, 1830ರಲ್ಲಿ. ಅವನೂ ವಾಲಾಂಸಿಯೆನ್ ಎಂಬವನೂ ಸೇರಿ ಜಗತ್ತಿನ ಮೀನುಗಳನ್ನೆಲ್ಲ ವರ್ಣಿಸುವ ಬೃಹದ್ಗ್ರಂಥಕ್ಕೆ ಕೈಹಾಕಿದ್ದರು. ಅದು 1828ರಿಂದ 1849ರವರೆಗೆ ಇಪ್ಪತ್ತೆರಡು ಸಂಪುಟಗಳಾಗಿ ಹೊರಬಂತು. 1830 ಎಂದರೆ ಪ್ಯಾರಿಸಿನಲ್ಲಿ ಜುಲೈ ಕ್ರಾಂತಿಯಾದ ವರ್ಷ. ಹತ್ತನೆಯ ಚಾರ್ಲ್ಸ್ ದೊರೆ ಸಿಂಹಾಸನ ಬಿಟ್ಟು ಓಡಿದ್ದನ್ನು ನಾನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೋ! ಅದೇ ನಗರದಲ್ಲಿ, ಅದೇ ವರ್ಷ, ಯಾರೋ ಒಬ್ಬರು ಈ ಮೀನಿನ ಚಪ್ಪಟೆ ಹಣೆಯನ್ನು ನೋಡಿ 'ಪ್ಲಾನಿಫ್ರಾನ್ಸ್' ಎಂದು ಹೆಸರಿಡುತ್ತಿದ್ದರೆಂದು ನನಗೆ ತಿಳಿದಿರಲಿಲ್ಲ. ಈಗ ಅದರ ಪೂರ್ಣನಾಮ ಸ್ಟೆಗಾಸ್ಟಿಸ್ ಪ್ಲಾನಿಫ್ರಾನ್ಸ್.

ಕ್ಯುವಿಯೆ ನೋಡಿದ್ದು ಸತ್ತ ಮೀನನ್ನು. ಬದುಕಿರುವ ಮೀನು ಏನು ಮಾಡುತ್ತದೆ ಎಂಬುದು ಮನುಷ್ಯನು ಉಸಿರಿನ ಸಿಲಿಂಡರು ಕಟ್ಟಿಕೊಂಡು ನೀರಿಗಿಳಿಯುವವರೆಗೆ ವಿದ್ವಾಂಸರಿಗೆ ತಿಳಿಯಲಿಲ್ಲ. ಜಮೈಕಾದಲ್ಲಿ ಆ ಕೆಲಸ ಆರಂಭಿಸಿದವರು ಥಾಮಸ್ ಗೊರೊ. 1950ರ ದಶಕದಲ್ಲಿ ಅವರು ಉತ್ತರ ತೀರದ ದಿಬ್ಬಗಳಲ್ಲಿ ಮುಳುಗಿ ಮುಳುಗಿ, ಯಾವ ಆಳದಲ್ಲಿ ಯಾವ ಹವಳ ಎಂದು ಗುರುತಿಸಿ 1959ರಲ್ಲಿ ಪ್ರಕಟಿಸಿದ ಲೇಖನ ಇಂದಿಗೂ ಆಧಾರಗ್ರಂಥವೇ ಆಗಿದೆ. ಆ ತೀರದ ಡಿಸ್ಕವರಿ ಬೇ ಎಂಬಲ್ಲಿ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಕಡಲ ಪ್ರಯೋಗಶಾಲೆಯನ್ನು ಕಟ್ಟಿದವರೂ ಅವರೇ. 1970ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ ತೀರಿಕೊಂಡರು. ಅವರು ನೋಡಿದ ದಿಬ್ಬಗಳಲ್ಲಿ ಜಿಂಕೆಯ ಕೊಂಬಿನಂತೆ ಕವಲೊಡೆದ ಹವಳ ಪೊದೆಪೊದೆಯಾಗಿ ಹಬ್ಬಿತ್ತು. ಅದನ್ನು ಕೊಂಬಿನ ಹವಳ ಎನ್ನೋಣ. ನಮ್ಮ ಚೋಟುದ್ದದ ಮೀನಿನ ಮನೆ ಆ ಪೊದೆಗಳೇ.

ಈ ಮೀನು ಬೇಸಾಯಗಾರ. ಅಲಂಕಾರಕ್ಕಾಗಿ ಹೇಳುತ್ತಿಲ್ಲ, ವಿಜ್ಞಾನಿಗಳೇ ಹಾಗೆನ್ನುತ್ತಾರೆ. ಹವಳದ ರೆಂಬೆಯೊಂದನ್ನು ಆರಿಸಿಕೊಂಡು, ಅದರ ಮೇಲಿನ ಜೀವಂತ ಪದರವನ್ನು ಕಚ್ಚಿ ಕಚ್ಚಿ ಸಾಯಿಸುತ್ತದೆ. ಬೋಳಾದ ಜಾಗದಲ್ಲಿ ಪಾಚಿ ಹುಟ್ಟುತ್ತದೆ. ಅದೇ ಅದರ ಗದ್ದೆ. ವಿಸ್ತಾರ ಸುಮಾರು ಒಂದು ಚದರ ಮೀಟರು, ಹಲವು ಸಲ ಅದಕ್ಕೂ ಕಡಿಮೆ. ಈ ತುಂಡು ನೆಲಕ್ಕಾಗಿ ಅದು ಇಡೀ ಹಗಲು ಕಾವಲು ಕಾಯುತ್ತದೆ. ಪಾಚಿ ಮೇಯುವ ಗಿಳಿಮೀನು ಬಂದರೆ ಅಟ್ಟುತ್ತದೆ, ಸರ್ಜನ್ ಮೀನು ಬಂದರೆ ಅಟ್ಟುತ್ತದೆ, ಮುಳ್ಳುಚೆಂಡಿನಂತಿರುವ ಸೀ ಅರ್ಚಿನ್ ತೆವಳಿಕೊಂಡು ಬಂದರೆ ಅದನ್ನೂ ಕಚ್ಚಿ ಆಚೆಗೆ ದಬ್ಬುತ್ತದೆ. ಗದ್ದೆಯಲ್ಲಿ ಹೆಣ್ಣು ಮೊಟ್ಟೆಯಿಟ್ಟು ಹೋದರೆ ಮರಿ ಹೊರಬರುವವರೆಗೆ ರೆಕ್ಕೆ ಬೀಸುತ್ತ ಕಾಯುವುದು ಗಂಡಿನ ಕೆಲಸ.

ನಮ್ಮ ತಂದೆಯವರಿಗೂ ಪಕ್ಕದ ತೋಟದವರಿಗೂ ಒಂದು ಗಡಿಕಲ್ಲಿನ ವಿಷಯದಲ್ಲಿ ಹದಿನೆಂಟು ವರ್ಷ ವ್ಯಾಜ್ಯ ನಡೆದದ್ದನ್ನು ಬಂಧುಗಳು ಬಲ್ಲರು. ವಾದವಿದ್ದದ್ದು ಎರಡು ಅಡಕೆ ಮರ ನಿಲ್ಲುವಷ್ಟು ಜಾಗಕ್ಕೆ. ಆ ವಿಡಿಯೊವನ್ನು ಎರಡನೆಯ ಸಲ ನೋಡುವಾಗ ನನಗೆ ಅಪ್ಪಯ್ಯನ ನೆನಪಾಗದೆ ಇರಲಿಲ್ಲ.

ಇದೇ ಕುಲದ ಇತರ ಮೀನುಗಳ ಬೇಸಾಯ ಇನ್ನೂ ನಾಜೂಕಿನದು. ಜಪಾನಿನ ಒಕಿನಾವಾದ ಬಳಿ ಇಂತಹದೇ ಮೀನೊಂದು ತನಗೆ ಬೇಕಾದ ಒಂದೇ ಜಾತಿಯ ಎಳೆಪಾಚಿಯನ್ನು ಉಳಿಸಿಕೊಂಡು ಉಳಿದ ಪಾಚಿಗಳನ್ನು ಕಳೆಯಂತೆ ಕಿತ್ತು ಹೊರಗೆ ಹಾಕುವುದನ್ನು ಹಾಟಾ ಮತ್ತು ಕಾಟೊ ಎಂಬ ವಿದ್ವಾಂಸರು ವಿವರಿಸಿದ್ದಾರೆ. 2006ರಲ್ಲಿ ಅವರು ತೋರಿಸಿದ ಪ್ರಕಾರ ಆ ಬೆಳೆ ಮೀನಿನ ಗದ್ದೆಯ ಹೊರಗೆ ಬದುಕುವುದೇ ಇಲ್ಲ. ಬೆಲೀಜ್ ದೇಶದ ತೀರದಲ್ಲಿ ಇನ್ನೊಂದು ಜಾತಿ ಸಣ್ಣ ಸೀಗಡಿಯಂತಹ ಜೀವಿಗಳ ಹಿಂಡನ್ನು ತನ್ನ ಗದ್ದೆಯ ಮೇಲೆ ಇರಗೊಟ್ಟು, ಶತ್ರುಗಳಿಂದ ಕಾಪಾಡಿ, ಅವುಗಳ ಹಿಕ್ಕೆಯಿಂದ ಪಾಚಿಗೆ ಗೊಬ್ಬರ ಪಡೆಯುತ್ತದೆ ಎಂದು 2020ರಲ್ಲಿ ಪ್ರಕಟವಾಯಿತು. ಕೊಟ್ಟಿಗೆ, ಗೊಬ್ಬರ, ಕಳೆ ಕೀಳುವುದು, ಬೇಲಿ ಕಾಯುವುದು – ಇನ್ನೇನು ಉಳಿಯಿತು? ಕಂದಾಯ ಒಂದು.

ಆಪಾದನೆಗೆ ಬರುತ್ತೇನೆ. 1977ರಲ್ಲಿ ಲೆಸ್ ಕೌಫ್ಮನ್ ಎಂಬ ಸಂಶೋಧಕರು ಮೂರು ಚುಕ್ಕೆಯ ಈ ಮೀನು ಹವಳವನ್ನು ಕೊಂದು ಪಾಚಿ ಬೆಳೆಯುವ ಬಗೆಯನ್ನು ವಿವರವಾಗಿ ಬರೆದರು. ಅದಾದ ಕೆಲವೇ ವರ್ಷಗಳಲ್ಲಿ ಜಮೈಕಾದ ದಿಬ್ಬಗಳು ಕುಸಿದವು. ಟೆರಿ ಹ್ಯೂಸ್ ಎಂಬವರು 1994ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: 300 ಕಿಲೋಮೀಟರಿಗೂ ಉದ್ದದ ತೀರದಲ್ಲಿ, 1977ರ ಸುಮಾರಿಗೆ ದಿಬ್ಬದ ನೆಲದ ಶೇ. 52 ಭಾಗವನ್ನು ಜೀವಂತ ಹವಳ ಮುಚ್ಚಿತ್ತು. 1993ಕ್ಕೆ ಉಳಿದದ್ದು ಶೇ. 3. ಪಾಚಿ ಶೇ. 4ರಿಂದ ಶೇ. 92ಕ್ಕೆ ಏರಿತ್ತು. ಹದಿನಾರು ವರ್ಷಗಳಲ್ಲಿ ಒಂದು ಸಾಮ್ರಾಜ್ಯವೇ ಅಳಿದಂತೆ. ಹವಳ ಸತ್ತಿದೆ, ಪಾಚಿ ಬೆಳೆದಿದೆ. ಹವಳ ಕೊಂದು ಪಾಚಿ ಬೆಳೆಯುವವನು ಸ್ಥಳದಲ್ಲೇ ಇದ್ದಾನೆ, ಬಾಯಲ್ಲಿ ಹವಳದ ಚೂರು ಸಹಿತ. ಇನ್ನೇನು ಸಾಕ್ಷಿ ಬೇಕು? ಕೇಳಿದೊಡನೆ ನಾನೂ "ಹಾಗಾದರೆ ಇವನೇ ಅಪರಾಧಿ" ಎಂದುಬಿಟ್ಟೆ.

ವಿದ್ಯಾರ್ಥಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, 1857ರ ತಕ್ಷಣದ ಕಾರಣ ಯಾವುದು?" ಎಂದು ಕೇಳಿದ. ನಾನು ಹತ್ತನೆಯ ತರಗತಿಯ ಹುಡುಗನಂತೆ, "ಕೊಬ್ಬು ಸವರಿದ ತೋಟಾ" ಎಂದೆ. "ತೋಟಾ ಒಂದೇ ಕಾರಣವೆಂದು ಬರೆದವರಿಗೆ ನೀವು ಅರ್ಧ ಅಂಕವನ್ನೂ ಕೊಡುತ್ತಿರಲಿಲ್ಲ" ಎಂದ. ನನ್ನ ಬಾಯಿ ಕಟ್ಟಿತು.

ಮೂಲ ಕಾರಣಗಳನ್ನು ಹುಡುಕುತ್ತ ಹೋದರೆ ಕತೆ ಹಿಂದಕ್ಕೆ ಹಿಂದಕ್ಕೆ ಎಳೆಯುತ್ತದೆ. 1494ರಲ್ಲಿ ಕೊಲಂಬಸ್ ಜಮೈಕಾದ ಉತ್ತರ ತೀರಕ್ಕೆ ಬಂದ. 1655ರಲ್ಲಿ ಇಂಗ್ಲಿಷರು ಸ್ಪೇನಿನವರಿಂದ ದ್ವೀಪವನ್ನು ಕಸಿದುಕೊಂಡರು. ಅವರ ಊಟಕ್ಕೆ ಸಮೀಪದ ಕೇಮನ್ ದ್ವೀಪಗಳಿಂದ ಕಡಲಾಮೆಗಳನ್ನು ರಾಶಿರಾಶಿಯಾಗಿ ಹಿಡಿದು ತಂದರು; ಹದಿನೆಂಟನೆಯ ಶತಮಾನ ಮುಗಿಯುತ್ತ ಬಂದಂತೆ ಅಲ್ಲಿ ಆಮೆಯೇ ಅಪರೂಪವಾಗಿ, ಹಿಡಿಯುವವರು ಕ್ಯೂಬಾ, ನಿಕರಾಗುವಾ ತೀರಗಳನ್ನು ಅರಸಿ ಹೋಗಬೇಕಾಯಿತು. ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರಿಗೆ ಉತ್ತರ ಅಟ್ಲಾಂಟಿಕಿನಿಂದ ಉಪ್ಪುಮೀನು ಬರುತ್ತಿತ್ತು. ಕಣ್ಣೆದುರು ಕಡಲಿದ್ದು ಸಾವಿರಾರು ಮೈಲಿ ದೂರದ ಒಣಮೀನು ತಿನ್ನಬೇಕಾದ ಆ ಜನರ ಸ್ಥಿತಿಯನ್ನು ನೆನೆದರೆ ಸಂಕಟವಾಗುತ್ತದೆ. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಆ ಉಪ್ಪುಮೀನನ್ನೇ ಅಕ್ಕಿ ಎಂಬ ಹಣ್ಣಿನೊಂದಿಗೆ ಬೇಯಿಸಿ ರಾಷ್ಟ್ರೀಯ ಭಕ್ಷ್ಯವನ್ನಾಗಿ ಮಾಡಿಕೊಂಡಿದ್ದಾರೆ. ಈ ಅಕ್ಕಿಗೂ ನಮ್ಮ ಅನ್ನದ ಅಕ್ಕಿಗೂ ಉಚ್ಚಾರವೊಂದನ್ನು ಬಿಟ್ಟರೆ ಸಂಬಂಧವಿಲ್ಲ.

1838ರಲ್ಲಿ ಅವರಿಗೆ ಪೂರ್ಣ ಬಿಡುಗಡೆಯಾಯಿತು. ಆಮೇಲಿನ ಬಡತನದಲ್ಲಿ ತೀರದ ಜನ ಹೊಟ್ಟೆಪಾಡಿಗಾಗಿ ತಂತಿಬಲೆಯ ಬೋನುಗಳನ್ನಿಟ್ಟು ದಿಬ್ಬದ ಮೀನು ಹಿಡಿಯತೊಡಗಿದರೆ ಅವರನ್ನು ದೂರುವ ಬಾಯಿ ನನಗಿಲ್ಲ. ಆದರೂ ಕಿರಿದಾದ ದಿಬ್ಬ, ಬೆಳೆಯುವ ಜನಸಂಖ್ಯೆ. 1960ರ ದಶಕ ಮುಗಿಯುವ ಹೊತ್ತಿಗೆ ಉತ್ತರ ತೀರದ ದಿಬ್ಬಗಳಲ್ಲಿ ಮೀನಿನ ಸಂಪತ್ತು ಶೇ. 80ರಷ್ಟು ಇಳಿದುಹೋಗಿತ್ತು ಎಂದು ಹ್ಯೂಸ್ ಅವರೇ ಬರೆಯುತ್ತಾರೆ. ಪಾಚಿ ಮೇಯುವ ದೊಡ್ಡ ಗಿಳಿಮೀನುಗಳು ಹೋದವು. ಡ್ಯಾಮ್ಸೆಲ್ ಮೀನನ್ನು ತಿನ್ನುವ ದೊಡ್ಡ ಮೀನುಗಳೂ ಹೋದವು. ಆದರೂ ದಿಬ್ಬ ಹಸುರಾಗಲಿಲ್ಲ, ಏಕೆಂದರೆ ಮೇಯುವ ಕೆಲಸವನ್ನೆಲ್ಲ ಒಂದೇ ಪ್ರಾಣಿ ವಹಿಸಿಕೊಂಡಿತ್ತು: ಉದ್ದ ಮುಳ್ಳಿನ ಕಪ್ಪು ಸೀ ಅರ್ಚಿನ್. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತಿತ್ತು. ವಿಜಯನಗರದ ಕೊನೆಯ ದಶಕಗಳ ವೈಭವವೂ ಹೀಗೆಯೇ ಇತ್ತಲ್ಲವೆ?

1980ರ ಆಗಸ್ಟಿನಲ್ಲಿ ಅಲೆನ್ ಎಂಬ ಚಂಡಮಾರುತ ಉತ್ತರ ತೀರವನ್ನು ಅಪ್ಪಳಿಸಿತು. ಕೊಂಬಿನ ಹವಳ ಕಡ್ಡಿಪುಡಿಯಾಯಿತು. ಅದಕ್ಕಿಂತ ವಿಚಿತ್ರವೆಂದರೆ ಬಿರುಗಾಳಿಯಲ್ಲಿ ಉಳಿದ ತುಂಡುಗಳು ಆಮೇಲಿನ ತಿಂಗಳುಗಳಲ್ಲಿ ಒಂದೊಂದಾಗಿ ಸತ್ತವು. ಬಿರುಗಾಳಿಯಿಂದ ಸತ್ತದ್ದಕ್ಕಿಂತ ಆಮೇಲೆ ಸತ್ತದ್ದೇ ಹೆಚ್ಚೆಂದು ನ್ಯಾನ್ಸಿ ನೌಲ್ಟನ್ ಮತ್ತು ಜೊತೆಗಾರರು 1981ರಲ್ಲಿ ಬರೆದರು. ನಮ್ಮ ಮೀನಿನ ಮೇಲಿನ ಆಪಾದನೆಗೆ ನಿಜವಾದ ಬಲವಿರುವುದು ಇಲ್ಲಿ. ಮನೆ ಕಳೆದುಕೊಂಡ ಡ್ಯಾಮ್ಸೆಲ್‌ಗಳು ಉಳಿದ ಅಷ್ಟಿಷ್ಟು ಹವಳದ ಮೇಲೆ ಬಂದು ಬೀಡುಬಿಟ್ಟವು, ದುಂಡು ಬಂಡೆಯಂತಹ ಬೇರೆ ಹವಳಗಳ ಮೇಲೂ ಗದ್ದೆ ತೆಗೆದವು. ಹವಳ ತಿನ್ನುವ ಬಸವನಹುಳುಗಳೂ ಅಲ್ಲಿಗೇ ಮುಕುರಿದವು. ನೂರು ಪೊದೆಗಳಿದ್ದಾಗ ಹತ್ತು ಗದ್ದೆಗಳು ಯಾರಿಗೂ ಭಾರವಲ್ಲ. ಎರಡೇ ಪೊದೆ ಉಳಿದಾಗಲೂ ಅವೇ ಹತ್ತು ಗದ್ದೆ ಬೇಕೆಂದರೆ ಏನಾದೀತು? ನಿರಾಶ್ರಿತನು ಮಾಡಿದ ಹಾನಿಯೂ ಹಾನಿಯೇ. ನಾನು ಅದನ್ನು ಮುಚ್ಚಿಡುವುದಿಲ್ಲ. ಅದೇ ಕಾಲದಲ್ಲಿ ಬಿಳಿಪಟ್ಟಿಯ ರೋಗವೆಂಬುದೊಂದು ಇಡೀ ಕೆರಿಬಿಯನ್‌ನಲ್ಲಿ ಕೊಂಬಿನ ಹವಳವನ್ನು ಕೊಲ್ಲುತ್ತಿತ್ತು. ಚೋಟುದ್ದದ ಮೀನು ಇಲ್ಲದ ಕಡೆಗಳಲ್ಲೂ ಕೊಲ್ಲುತ್ತಿತ್ತು.

1983ರ ಜನವರಿಯಲ್ಲಿ ಪನಾಮಾ ಕಾಲುವೆಯ ಕೆರಿಬಿಯನ್ ಬಾಯಿಯ ಹತ್ತಿರ ಆ ಕಪ್ಪು ಸೀ ಅರ್ಚಿನ್‌ಗಳು ಮುಳ್ಳುದುರಿಸಿ ಸಾಯತೊಡಗಿದವು. ನೀರಿನ ಪ್ರವಾಹದೊಡನೆ ಸಾವು ಹರಡಿ, ಸುಮಾರು ಒಂದೇ ವರ್ಷದಲ್ಲಿ ಇಡೀ ಸಮುದ್ರವನ್ನು ಸುತ್ತಿತು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸತ್ತವು. ಆಗ ಕಾರಣ ತಿಳಿಯಲಿಲ್ಲ. 2022ರಲ್ಲಿ ಅದೇ ಬಗೆಯ ಮಾರಿ ಮತ್ತೆ ಬಂದಾಗ ಒಂದು ಏಕಕೋಶಜೀವಿ ಅದಕ್ಕೆ ಕಾರಣವೆಂದು 2023ರಲ್ಲಿ ಪತ್ತೆ ಹಚ್ಚಿದರು. ಕೊನೆಯ ಮೇಯುವವನೂ ಹೋದ ಮೇಲೆ ದಿಬ್ಬವನ್ನು ಪಾಚಿ ನುಂಗಿತು.

ಇಲ್ಲಿ ಒಂದು ಸಂಗತಿ ನನಗೆ ಬಹಳ ಮುಖ್ಯವೆನಿಸಿತು. ಶೇ. 92ರಷ್ಟು ನೆಲವನ್ನು ಮುಚ್ಚಿದ ಪಾಚಿ ಬಹುಮಟ್ಟಿಗೆ ದಪ್ಪ ಎಲೆಯಂತಹ, ಎತ್ತರಕ್ಕೆ ಬೆಳೆಯುವ ಜಾತಿಗಳದು. ಡ್ಯಾಮ್ಸೆಲ್ ಬೆಳೆಯುವುದು ಮೃದುವಾದ, ಗಿಡ್ಡನೆಯ ಎಳೆಪಾಚಿ. ಅಂದರೆ ಜಮೈಕಾದ ದಿಬ್ಬವನ್ನು ಮುಚ್ಚಿದ್ದು ಅವನ ಬೆಳೆಯಲ್ಲ, ಕಳೆ. ಗದ್ದೆಯ ಮೇಲೆ ಕಳೆ ಹಬ್ಬಿದರೆ ಬೇಸಾಯಗಾರನೇ ಬಿತ್ತಿದನೆಂದು ಯಾರಾದರೂ ಹೇಳುತ್ತಾರೆಯೆ?

ಇನ್ನೊಂದು ಸಾಕ್ಷಿ ಕಲ್ಲಿನದು, ಶಾಸನದಂತಹುದು. ಈ ಮೀನು ಕಚ್ಚಿದ ಕೊಂಬಿನ ಹವಳವು ತನ್ನನ್ನು ಉಳಿಸಿಕೊಳ್ಳಲು ಆ ಜಾಗದಲ್ಲಿ ಸಣ್ಣ ಹೊಗೆಗೊಳವೆಯಂತಹ ಉಬ್ಬುಗಳನ್ನು ಬೆಳೆಸುತ್ತದೆ. ಅಂತಹವೇ ಉಬ್ಬುಗಳು ಪ್ಲಿಸ್ಟೊಸೀನ್ ಯುಗದ, ಈಗ ಕಲ್ಲಾಗಿರುವ ಪುರಾತನ ಹವಳದಲ್ಲಿವೆ ಎಂದು 1981ರಲ್ಲಿ ತೋರಿಸಿದವರು ಯಾರು ಬಲ್ಲಿರಾ? ಅದೇ ಕೌಫ್ಮನ್, ಮೀನಿನ ಕೊಲೆಗಾರಿಕೆಯನ್ನು ಮೊದಲು ವರ್ಣಿಸಿದವರೇ ಅದರ ಹಳೆಯ ಒಕ್ಕಲುತನಕ್ಕೂ ದಾಖಲೆ ಒದಗಿಸಿದರು. ಇಂತಹ ಪ್ರಾಮಾಣಿಕತೆಯನ್ನು ಕಂಡರೆ ನನಗೆ ಕೈಮುಗಿಯಬೇಕೆನಿಸುತ್ತದೆ. ಬೆಲೀಜ್‌ನ ದಿಬ್ಬಗಳಲ್ಲಿ ಕೊಳವೆ ಇಳಿಸಿ ಪದರ ಪದರವಾಗಿ ತೆಗೆದು ನೋಡಿದ ಆರನ್ಸನ್ ಮತ್ತು ಪ್ರೆಕ್ಟ್ ಎಂಬವರಿಗೆ, ಅಲ್ಲಿ ಕನಿಷ್ಠ ಮೂರು ಸಾವಿರ ವರ್ಷ ಕೊಂಬಿನ ಹವಳವೇ ಮೇಲುಗೈ ಪಡೆದಿತ್ತೆಂದೂ 1980ರ ದಶಕದಂತಹ ನಾಶ ಆ ಅವಧಿಯಲ್ಲಿ ಹಿಂದೆಂದೂ ಆಗಿರಲಿಲ್ಲವೆಂದೂ ಕಂಡುಬಂತು. ಚೋಟುದ್ದದವನು ಯುಗಯುಗಗಳಿಂದ ಅಲ್ಲೇ ಉಳುತ್ತಿದ್ದ. ಊರು ಹಾಳಾದದ್ದು ನಮ್ಮ ಕಾಲದಲ್ಲಿ.

ವಿದ್ವಾಂಸರಲ್ಲಿ ಚರ್ಚೆ ಮುಗಿದಿಲ್ಲ. ಅವನನ್ನು ತಿನ್ನುವ ದೊಡ್ಡ ಮೀನುಗಳು ಕಡಿಮೆಯಾದ ಕಡೆ ಅವನಿಂದ ಹವಳಕ್ಕೆ ಹೆಚ್ಚು ಕೇಡು ಎನ್ನುವವರಿದ್ದಾರೆ. ಕೊಂಬಿನ ಹವಳ ಅಳಿದದ್ದರಿಂದ ಅವನು ಬೇರೆಡೆ ಹೋಗಬೇಕಾಯಿತು, ಮೂಲ ಅಲ್ಲಿದೆ ಎನ್ನುವವರೂ ಇದ್ದಾರೆ. ನನಗೆ ಎರಡೂ ಒಂದೇ ಕಡೆ ಬೊಟ್ಟು ಮಾಡುವಂತೆ ಕಾಣುತ್ತದೆ.

ಈಗ ಒಂದು ಮಾತು ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. ನನ್ನ ನೌಕರಿಯ ಮೊದಲ ವರ್ಷಗಳಲ್ಲಿ, ಒಂದು ಮಧ್ಯಾಹ್ನ ತರಗತಿಯ ಭೂಗೋಳ ಕೆಳಗೆ ಬಿದ್ದು ಒಡೆಯಿತು. ನಾನು ಒಳಗೆ ಬರುವಾಗ ತರಗತಿಯ ಅತ್ಯಂತ ಸಣ್ಣ ಹುಡುಗ ಅದರ ಚೂರನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಅವನಿಗೆ ನಾಲ್ಕು ಛಡಿಯೇಟು ಕೊಟ್ಟೆ. ಅವನು ಅದನ್ನು ಮುಟ್ಟಿದ್ದು ನಿಜ, ತಿರುಗಿಸಿದ್ದೂ ನಿಜ. ಆದರೆ ಆ ಭೂಗೋಳದ ಕಾಲಿನ ತಿರುಪು ಸಡಿಲವಾಗಿ ಮೂರು ತಿಂಗಳಾಗಿತ್ತು, ಅದು ನನಗೆ ಗೊತ್ತಿತ್ತು. ಇಂದು ಬಿಗಿ ಮಾಡಿಸೋಣ, ನಾಳೆ ಮಾಡಿಸೋಣ ಎಂದು ಬಿಟ್ಟಿದ್ದೆ. ಆ ಹುಡುಗ ಇದನ್ನು ಓದುತ್ತಿದ್ದಾನೋ ಇಲ್ಲವೋ ತಿಳಿಯದು. ಓದುತ್ತಿದ್ದರೆ, ತಿರುಪಿನ ವಿಷಯ ಅವನಿಗೆ ಈಗ ತಿಳಿಯಲಿ. ಅಂದು ಹೇಳಬೇಕಾಗಿತ್ತು, ಹೇಳಲಿಲ್ಲ.

ಜಮೈಕಾದ ಸುದ್ದಿ ಪೂರ್ತಿ ಕತ್ತಲೆಯದಲ್ಲ. ಡಿಸ್ಕವರಿ ಬೇ ಸಮೀಪದ ಡೇರಿ ಬುಲ್ ಎಂಬ ದಿಬ್ಬದಲ್ಲಿ ಸೀ ಅರ್ಚಿನ್‌ಗಳು ಮರಳಿ ಬಂದು, 1995ರಲ್ಲಿ ಶೇ. 23 ಇದ್ದ ಹವಳ 2004ಕ್ಕೆ ಶೇ. 54ಕ್ಕೆ ಏರಿತ್ತು, ಕೊಂಬಿನ ಹವಳವೂ ಚಿಗುರಿತ್ತು. 2005ರಲ್ಲಿ ಕಡಲು ಬಿಸಿಯಾಗಿ ಹವಳಗಳು ಬಿಳುಪೇರಿದವು, ಆ ಚಿಗುರು ಮುರುಟಿತು. 2023ರಲ್ಲಿ ಇಡೀ ಕೆರಿಬಿಯನ್‌ಗೆ ಅದಕ್ಕಿಂತ ಕಡುವಾದ ಬಿಸಿ ಬಡಿಯಿತು. ನೀರನ್ನು ಬಿಸಿ ಮಾಡಿದ ಹೊಗೆ ಯಾರ ಒಲೆಯದು ಎಂಬ ವಿಚಾರಣೆ ನಡೆದರೆ ಚೋಟುದ್ದದವನ ಹೆಸರು ಪಟ್ಟಿಯಲ್ಲಿ ಇರಲಾರದು. ನಮ್ಮ ಮನೆಯ ಬೈಕು, ಮಿಕ್ಸರು, ಪಂಪುಸೆಟ್ಟುಗಳು ಇದ್ದಾವು.

ನನ್ನ ವಿದ್ಯಾರ್ಥಿ ಹೊರಡುವಾಗ, "ನೇತ್ರಾಣಿಗೆ ಕರೆದುಕೊಂಡು ಹೋಗುತ್ತೇನೆ ಸರ್, ದೋಣಿಯಲ್ಲಿ ಕುಳಿತೇ ನೋಡಬಹುದು" ಎಂದ. ಮೊಣಕಾಲು ಒಪ್ಪಬೇಕಲ್ಲ. ವಿಡಿಯೊ ಮಾತ್ರ ಮೊಮ್ಮಗಳ ಫೋನಿಗೆ ಹಾಕಿಕೊಟ್ಟು ಹೋದ. ಆಗಾಗ ಕೇಳಿ ಪಡೆದು ನೋಡುತ್ತೇನೆ. ಕಚ್ಚಿಸಿಕೊಂಡ ಕೈ ಹಿಂದೆ ಸರಿದ ಮೇಲೂ ಅದು ಕೆಲವು ಸೆಕೆಂಡು ಓಡುತ್ತದೆ. ಮೀನು ಗಡಿಯವರೆಗೆ ಬಂದು ನಿಂತು ನೋಡಿ, ತಿರುಗಿ ತನ್ನ ಗದ್ದೆಗೆ ಹೋಗಿ, ಸತ್ತ ಹವಳಕ್ಕೆ ಅಂಟಿಕೊಂಡಿರುವ ಮೊಟ್ಟೆಗಳ ಮೇಲೆ ರೆಕ್ಕೆ ಬೀಸತೊಡಗುತ್ತದೆ.